ತಪ್ಪಿದ ಒಂದು ದಿನದ ಲೆಕ್ಕ

ನಸುಕಿನಲ್ಲೇ ರೋಣದ ಬಸ್ ನಿಲ್ದಾಣಕ್ಕೆ ಬಂದು ಕಾಯುವವರೆಲ್ಲ ಸಂತೆಗೋ ಕೋರ್ಟಿಗೋ ಹೊರಟವರಲ್ಲ. ಒಬ್ಬರ ಕುತ್ತಿಗೆಗೆ ಮೆತ್ತನೆಯ ಹತ್ತಿ ಬಟ್ಟೆ ಸಡಿಲವಾಗಿ ಸುತ್ತಿರುತ್ತದೆ. ಜತೆಗೆ ಬಂದ ಮಗನ ಕೈಯಲ್ಲಿ ದಪ್ಪನೆಯ ಫೈಲು, ಸ್ಕ್ಯಾನ್ ಕವರು. ಹೆಂಡತಿಯ ಚೀಲದಲ್ಲಿ ಗಂಜಿಯ ಡಬ್ಬಿ. ನರಗುಂದದಲ್ಲಿ ಹುಬ್ಬಳ್ಳಿ ಬಸ್ಸಿಗೆ ನಿಂತವರಲ್ಲೂ ಗಜೇಂದ್ರಗಡದಿಂದ ಗದಗ ಹಾದು ಹೋಗುವವರಲ್ಲೂ ಇಂಥವರು ಕಾಣಸಿಗುತ್ತಾರೆ. ‘ಯಾವ ಕಡೆ ಹೊಂಟೀರಿ?’ ಎಂದು ಕೇಳಿದರೆ, ‘ನವನಗರಕ್ಕರಿ, ಕರೆಂಟ್ ಇಡಸ್ಕೊಳ್ಳಾಕ’ ಎನ್ನುತ್ತಾರೆ.

ಅವರು ಹೇಳುವ ಕರೆಂಟ್ ಅಂದರೆ ರೇಡಿಯೊಥೆರಪಿ, ವಿಕಿರಣ ಚಿಕಿತ್ಸೆ. ಈ ಮೂರೂ ಊರುಗಳಲ್ಲಿ ಅದರ ಯಂತ್ರವಿಲ್ಲ. ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಗೋ ಅದೇ ಊರಿನ ಬೇರೆ ಆಸ್ಪತ್ರೆಗೋ, ಕೈಮೀರಿದರೆ ಬೆಂಗಳೂರಿನ ಕಿದ್ವಾಯಿಗೋ ಹೋಗಬೇಕು. ಬಾಯಿ, ಗಂಟಲಿನ ಕ್ಯಾನ್ಸರಿಗೆ ವಾರಕ್ಕೆ 5 ದಿನದಂತೆ 6ರಿಂದ 7 ವಾರ ಈ ಚಿಕಿತ್ಸೆ ನಡೆಯುವುದು ರೂಢಿ. ಯಂತ್ರದ ಕೆಳಗೆ ಮಲಗಿರಬೇಕಾದದ್ದು ಕೆಲವೇ ನಿಮಿಷ. ಗಜೇಂದ್ರಗಡದವರು ಅಷ್ಟಕ್ಕಾಗಿ ಹೋಗುತ್ತ ನೂರು, ಬರುತ್ತ ನೂರು ಕಿಲೊಮೀಟರಿಗೂ ಹೆಚ್ಚು ಸವೆಸಬೇಕು.

ನಾಲ್ಕನೆಯ ವಾರದ ಹೊತ್ತಿಗೆ ಬಾಯಿ ತುಂಬ ಹುಣ್ಣು. ಒಂದು ದಿನ ರೋಗಿ ಬರುವುದಿಲ್ಲ. ಮರುದಿನ ಬಂದಾಗ ಡಾಕ್ಟರ್ ಕೇಳುತ್ತಾರೆ: ‘ಯಜ್ಜಾ, ನಿನ್ನೆ ಯಾಕ ಬರಲಿಲ್ಲ?’ ‘ಬಾಯಾಗ ಹುಣ್ಣಾಗ್ಯಾವರಿ ಸಾಹೇಬ್ರ, ನೀರೂ ನುಂಗಾಕ ಆಗವಲ್ದು.’ ಹೊರರೋಗಿ ವಿಭಾಗದಲ್ಲಿ ದಿನವೂ ನಡೆಯುವ ಮಾತಿದು. ತಪ್ಪಿದ ಆ ಒಂದು ದಿನಕ್ಕೆ ಏನು ಬೆಲೆ? ಅದನ್ನು ತಪ್ಪಿಸುವ ಉಪಾಯವೇನು? ಇದಕ್ಕೆ ಉತ್ತರ ಹುಡುಕಲು ವೈದ್ಯಶಾಸ್ತ್ರ, ಜೀವಕೋಶದ ವಿಜ್ಞಾನ, ಭೌತವಿಜ್ಞಾನ ಮೂರೂ ಬೇಕು. ಆ ಮೂರನ್ನೂ ಬೆಸೆಯಬಲ್ಲ ಜನರನ್ನು ತಯಾರು ಮಾಡುವ ಕೆಲಸಕ್ಕೆ ನಮ್ಮಲ್ಲಿ ಇನ್ನೂ ಸಾಕಷ್ಟು ಗಮನ ಸಿಕ್ಕಿಲ್ಲ.

ಟಗರು ಕಲಿಸಿದ ಪಾಠ

ದಿನವೂ ಸ್ವಲ್ಪ ಸ್ವಲ್ಪ ಕೊಡುವ ಬದಲು ಒಂದೇ ದಿನ ಪೂರ್ತಿ ವಿಕಿರಣ ಕೊಟ್ಟು ಯಾಕೆ ಮುಗಿಸಬಾರದು? ರೋಗಿಗಳ ಮನೆಯವರು ಕೇಳುವ ಮೊದಲ ಪ್ರಶ್ನೆಯೇ ಇದು. ರಾಂಟ್ಜನ್ 1895ರಲ್ಲಿ ಎಕ್ಸ್-ರೇ ಕಂಡುಹಿಡಿದ ಮೇಲೆ ಬಂದ ಮೊದಲ ತಲೆಮಾರಿನ ವೈದ್ಯರಲ್ಲೂ ಹಲವರು ಹೀಗೆಯೇ ಯೋಚಿಸಿದ್ದರು. ಗೆಡ್ಡೆ ಕರಗಿತು, ಆದರೆ ಅದರ ಜತೆಗೆ ಚರ್ಮವೂ ಸುಟ್ಟುಹೋಯಿತು.

ದಾರಿ ತೋರಿಸಿದ್ದು ಪ್ಯಾರಿಸ್ಸಿನಲ್ಲಿ ಟಗರುಗಳ ಮೇಲೆ ನಡೆದ ಪ್ರಯೋಗ. ಕ್ಲಾಡಿಯಸ್ ರೆಗೊ ಎಂಬ ವಿಜ್ಞಾನಿ ಟಗರಿನ ವೃಷಣಕ್ಕೆ ಒಂದೇ ಸಲಕ್ಕೆ ವಿಕಿರಣ ಕೊಟ್ಟು ನೋಡಿದರು. ಬೀಜೋತ್ಪತ್ತಿ ನಿಲ್ಲುವಷ್ಟು ಕೊಟ್ಟರೆ ಮೇಲಿನ ಚರ್ಮಕ್ಕೆ ಭಾರೀ ಗಾಯವಾಗುತ್ತಿತ್ತು. ಅದನ್ನೇ ಹಲವು ದಿನಗಳಿಗೆ ಹಂಚಿ ಕೊಟ್ಟಾಗ ಬೀಜೋತ್ಪತ್ತಿ ನಿಂತಿತು, ಚರ್ಮ ಉಳಿಯಿತು. ಬೇಗಬೇಗ ಒಡೆದು ಹೆಚ್ಚುವ ಬೀಜಕೋಶಗಳು ಕ್ಯಾನ್ಸರ್ ಕೋಶಗಳನ್ನು ಹೋಲುತ್ತವೆ ಎಂಬುದು ಅವರ ತರ್ಕ. ರೆಗೊ ಕೆಲಸ ಮಾಡುತ್ತಿದ್ದ ಸಂಸ್ಥೆಯಲ್ಲೇ ಇದ್ದ ವೈದ್ಯ ಆನ್ರಿ ಕೂತಾರ್ 1920ರ ದಶಕದಲ್ಲಿ ಈ ವಿಧಾನವನ್ನು ಗಂಟಲಿನ ಕ್ಯಾನ್ಸರ್ ರೋಗಿಗಳಿಗೆ ಅನ್ವಯಿಸಿದರು. ಇಂದು ರೋಣದ ಅಜ್ಜ ವಾರಗಟ್ಟಲೆ ಬಸ್ಸಿನಲ್ಲಿ ಓಡಾಡುವುದಕ್ಕೆ ಮೂಲ ಅಲ್ಲಿದೆ.

ಪ್ರಯೋಗಾಲಯದಲ್ಲಿ ಕಂಡದ್ದನ್ನು ರೋಗಿಯ ಹಾಸಿಗೆಯವರೆಗೆ ತರುವುದು, ಹಾಸಿಗೆಯ ಪಕ್ಕ ಎದುರಾದ ಪ್ರಶ್ನೆಯನ್ನು ಮರಳಿ ಪ್ರಯೋಗಾಲಯಕ್ಕೆ ಒಯ್ಯುವುದು: ಟ್ರಾನ್ಸ್‌ಲೇಷನಲ್ ರಿಸರ್ಚ್ ಎಂದು ಈಗ ಕರೆಯುವುದು ಈ ಎರಡೂ ದಿಕ್ಕಿನ ಓಡಾಟವನ್ನು. ರೆಗೊ ಮತ್ತು ಕೂತಾರ್ ಒಂದೇ ಸೂರಿನಡಿ ಇದ್ದರು, ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿತ್ತು. ಯಂತ್ರ, ಹಣ ಇವುಗಳಷ್ಟೇ ಮಹತ್ವ ಆ ಒಡನಾಟಕ್ಕೂ ಇದೆ ಎಂದು ನಾನು ನಂಬಿದ್ದೇನೆ.

ಬೇರು ಉಳಿದ ಕರಿಕೆ

ಈಗ ತಪ್ಪಿದ ದಿನದ ಲೆಕ್ಕಕ್ಕೆ ಬರೋಣ. ರಾಡ್ನಿ ವಿದರ್ಸ್ ಎಂಬ ಆಸ್ಟ್ರೇಲಿಯಾ ಮೂಲದ ತಜ್ಞರು ವೈದ್ಯರೂ ಹೌದು, ಪ್ರಯೋಗಾಲಯದ ವಿಜ್ಞಾನಿಯೂ ಹೌದು. ವಿಕಿರಣ ತಾಗಿದ ಇಲಿಯ ಕರುಳಿನಲ್ಲಿ ಅಳಿದುಳಿದ ಕೋಶಗಳು ಹೇಗೆ ಮತ್ತೆ ಗುಂಪುಗಟ್ಟಿ ಬೆಳೆಯುತ್ತವೆ ಎಂಬುದನ್ನು ಅವರು ವರ್ಷಗಟ್ಟಲೆ ಎಣಿಸಿದ್ದರು. ಆ ಕಣ್ಣಿನಿಂದಲೇ ಅವರು ನೂರಾರು ಗಂಟಲು ಕ್ಯಾನ್ಸರ್ ರೋಗಿಗಳ ಚಿಕಿತ್ಸಾ ದಾಖಲೆಗಳನ್ನು ಓದಿದರು. 1988ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ನಿರ್ಣಯ ಇದು: ಚಿಕಿತ್ಸೆ ಶುರುವಾಗಿ ಸುಮಾರು 4 ವಾರ ಕಳೆದ ಮೇಲೆ, ಬದುಕುಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ಹೆಚ್ಚತೊಡಗುತ್ತವೆ.

ಎರೆ ಹೊಲದ ಒಕ್ಕಲಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರಿಕೆ ಕೀಳುವ ಕೆಲಸ ಅರ್ಧಕ್ಕೆ ನಿಲ್ಲಿಸಿದರೆ, ಬೇರು ಉಳಿದ ಕಡೆಯಿಂದ ಅದು ಮೊದಲಿಗಿಂತ ದಟ್ಟವಾಗಿ ಹಬ್ಬುತ್ತದೆ. ತಲೆ-ಕುತ್ತಿಗೆ ಭಾಗದ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದು ದಿನ ಲಂಬಿಸಿದರೆ ರೋಗ ಹತೋಟಿಗೆ ಬರುವ ಸಾಧ್ಯತೆ ಸರಿಸುಮಾರು ಶೇ 1ರಿಂದ 1.4ರಷ್ಟು ಇಳಿಯುತ್ತದೆ ಎಂಬ ಅಂದಾಜನ್ನು ತಜ್ಞರು ಇಂದು ಬಳಸುತ್ತಾರೆ. ಜಾತ್ರೆಗೆ ಎರಡು ದಿನ, ಸುಗ್ಗಿಗೆ ಮೂರು ದಿನ, ಯಂತ್ರ ಕೆಟ್ಟು ಎರಡು ದಿನ ಎಂದು ಒಟ್ಟು ಒಂದು ವಾರ ಹೋದರೆ ಕಳೆದುಕೊಂಡದ್ದು ಎಷ್ಟೆಂದು ಲೆಕ್ಕ ಹಾಕಬಹುದು.

ಕೋಶಗಳು ಓಡುತ್ತಿದ್ದರೆ ಚಿಕಿತ್ಸೆಯನ್ನೂ ಓಡಿಸಿದರೆ ಹೇಗೆ? ಡೆನ್ಮಾರ್ಕಿನ ವೈದ್ಯರು ಇದನ್ನು ಪರೀಕ್ಷಿಸಿದರು. ವಾರಕ್ಕೆ 5ರ ಬದಲು 6 ಸಲ, ಒಟ್ಟು ಪ್ರಮಾಣ ಅಷ್ಟೇ. ಫಲಿತಾಂಶ ಚೆನ್ನಾಗಿ ಬಂತು. ಆದರೆ ಅಲ್ಲಿನ ಸವಲತ್ತು ಬಡ ದೇಶಗಳಲ್ಲಿ ಇಲ್ಲವಲ್ಲ? ಆಗ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಅಭಿವೃದ್ಧಿಶೀಲ ದೇಶಗಳ ಆಸ್ಪತ್ರೆಗಳಲ್ಲೇ 900ಕ್ಕೂ ಹೆಚ್ಚು ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿತು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, 5 ವರ್ಷದ ನಂತರ ರೋಗ ಹತೋಟಿಯಲ್ಲಿದ್ದವರು ವಾರಕ್ಕೆ 5 ಸಲ ಪಡೆದವರಲ್ಲಿ ಶೇ 30, 6 ಸಲ ಪಡೆದವರಲ್ಲಿ ಶೇ 42. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಇಲಿಯ ಕರುಳಿನ ಕೋಶ ಎಣಿಸಿದ ಶ್ರಮ ವಾರದ ವೇಳಾಪಟ್ಟಿಯ ರೂಪದಲ್ಲಿ ರೋಗಿಗೆ ತಲುಪಿತು.

ಎರಡು ಕೋಣೆಗಳ ನಡುವೆ

ನಮ್ಮಲ್ಲಿ ವಿಕಿರಣ ಚಿಕಿತ್ಸೆಯ ವೈದ್ಯರಾಗಲು ಎಂಬಿಬಿಎಸ್ ಆದ ಮೇಲೆ 3 ವರ್ಷದ ಎಂಡಿ ಓದಬೇಕು. ಆ 3 ವರ್ಷದ ದಿನಚರಿ ಹೀಗಿರುತ್ತದೆ. ಬೆಳಿಗ್ಗೆ ಹೊರರೋಗಿ ವಿಭಾಗದ ಸರದಿ, ಆಮೇಲೆ ವಾರ್ಡು, ಮಧ್ಯಾಹ್ನ ಕಂಪ್ಯೂಟರಿನ ಮುಂದೆ. ಸಿಟಿ ಸ್ಕ್ಯಾನಿನ ಒಂದೊಂದೇ ಪದರದ ಮೇಲೆ ಗೆರೆ ಎಳೆಯಬೇಕು: ಗೆಡ್ಡೆ ಇಲ್ಲಿಂದ ಇಲ್ಲಿಯವರೆಗೆ, ಜೊಲ್ಲಿನ ಗ್ರಂಥಿ ಇದು, ಬೆನ್ನುಹುರಿ ಇದು, ಇದನ್ನು ಮುಟ್ಟಬಾರದು. ಒಬ್ಬ ರೋಗಿಗೇ ಇಂಥ ಹತ್ತಾರು ಪದರಗಳು. ಗೆರೆ ಒಂದಿಷ್ಟು ಆಚೀಚೆಯಾದರೆ ರೋಗ ಉಳಿಯುತ್ತದೆ, ಇಲ್ಲವೇ ಬಾಯಿ ಒಣಗಿಹೋಗುತ್ತದೆ. ಅದು ಮುಗಿದ ಮೇಲೆ ಪಠ್ಯ ಓದು. ಅದರ ಜತೆಗೇ ಪರೀಕ್ಷೆಗೆ ಕೂರಲು ಕಡ್ಡಾಯವಾದ ಪ್ರಬಂಧ.

ಇನ್ನೊಂದು ಕೋಣೆ ಜೀವವಿಜ್ಞಾನಿಯದು. ಅಲ್ಲಿ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಕ್ಯಾನ್ಸರ್ ಕೋಶಗಳನ್ನು ಬಿತ್ತುತ್ತಾರೆ. ಅಳೆದು ವಿಕಿರಣ ಕೊಡುತ್ತಾರೆ. ಒಂದೆರಡು ವಾರ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಕಾಯುತ್ತಾರೆ. ಆಮೇಲೆ ನೇರಳೆ ಬಣ್ಣ ಹಾಕಿ ತೊಳೆದರೆ, ಬದುಕಿ ಬೆಳೆದ ಕೋಶಗಳ ಗುಂಪುಗಳು ಚುಕ್ಕೆಗಳಾಗಿ ಕಾಣುತ್ತವೆ. 50ಕ್ಕೂ ಹೆಚ್ಚು ಕೋಶಗಳಿರುವ ಗುಂಪನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ವಾಡಿಕೆ. ಯಾವ ವಸ್ತು ಸೇರಿಸಿದರೆ ಚುಕ್ಕೆ ಕಡಿಮೆಯಾಗುತ್ತದೆ, ಯಾವುದರಿಂದ ಆರೋಗ್ಯವಂತ ಕೋಶ ಉಳಿಯುತ್ತದೆ ಎಂದು ವರ್ಷಗಟ್ಟಲೆ ಎಣಿಸುವ ಈ ಸಂಶೋಧಕರಲ್ಲಿ ಹಲವರಿಗೆ, ಹುಣ್ಣಿನಿಂದ ನೀರು ನುಂಗಲಾಗದ ಒಬ್ಬ ರೋಗಿಯ ಎದುರು ಕೂರುವ ಸಂದರ್ಭವೇ ಬರುವುದಿಲ್ಲ.

ಮೂರನೆಯವರು ಮೆಡಿಕಲ್ ಫಿಸಿಸಿಸ್ಟ್, ಅಂದರೆ ಕಿರಣದ ಪ್ರಮಾಣ ಲೆಕ್ಕ ಹಾಕಿ ಯಂತ್ರದ ನಿಖರತೆ ಕಾಯುವ ಭೌತವಿಜ್ಞಾನಿ. ಅವರ ಕೈಚಳಕಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಮುಂಬೈನ ಟಾಟಾ ಸ್ಮಾರಕ ಕೇಂದ್ರದ ಡಾ. ಸುಪ್ರಿಯಾ ಚೋಪ್ರಾ ಅವರ ತಂಡ 2021ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಗರ್ಭಕೊರಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ 300 ಮಹಿಳೆಯರಲ್ಲಿ ಅರ್ಧ ಜನರಿಗೆ ಹಳೆಯ ವಿಧಾನ, ಅರ್ಧ ಜನರಿಗೆ ಕರುಳನ್ನು ತಪ್ಪಿಸಿ ಕಿರಣ ಹಾಯಿಸುವ ಹೊಸ ವಿಧಾನ. 3 ವರ್ಷದ ಲೆಕ್ಕದಲ್ಲಿ, ಗಣನೀಯ ಕರುಳಿನ ತೊಂದರೆ ಹಳೆಯ ವಿಧಾನದಲ್ಲಿ ಶೇ 42.4 ಇದ್ದದ್ದು ಹೊಸದರಲ್ಲಿ ಶೇ 21.1ಕ್ಕೆ ಇಳಿಯಿತು.

ಇಂಥ ಅಧ್ಯಯನ ಎಲ್ಲ ಆಸ್ಪತ್ರೆಗಳಲ್ಲೂ ಆಗದಿರಲು ಕಾರಣ ಬುದ್ಧಿಯ ಕೊರತೆಯಲ್ಲ. ವೈದ್ಯರಿಗೆ ಸಮಯವಿಲ್ಲ, ವಿಜ್ಞಾನಿಗೆ ರೋಗಿಯಿಲ್ಲ, ಇಬ್ಬರಿಗೂ ಇನ್ನೊಬ್ಬರ ಭಾಷೆ ಬರುವುದಿಲ್ಲ.

ಮಣಿಪಾಲದ ತುಳಸಿ, ಮಂಗಳೂರಿನ ಅರಿಸಿನ

ಕರ್ನಾಟಕದಲ್ಲಿ ಈ ವಿದ್ಯೆಗೆ ಹಳೆಯ ನೆಲೆಯೊಂದಿದೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವಿಕಿರಣ ಜೀವವಿಜ್ಞಾನ ವಿಭಾಗದಲ್ಲಿ ಪ್ರೊ. ಪಿ. ಉಮಾದೇವಿ ಅವರ ತಂಡ 1990ರ ದಶಕದಲ್ಲಿ ತುಳಸಿಯ ಮೇಲೆ ದೊಡ್ಡ ಕೆಲಸ ಮಾಡಿತು. ತುಳಸಿ ಎಲೆಯ ಸಾರ ಕೊಟ್ಟ ಇಲಿಗಳು ವಿಕಿರಣವನ್ನು ಹೆಚ್ಚು ತಾಳಿಕೊಂಡವು. ಎಲೆಯೊಳಗಿನ ಓರಿಯೆಂಟಿನ್, ವೈಸೆನಿನ್ ಎಂಬ ಎರಡು ಅಂಶಗಳನ್ನು ಬೇರ್ಪಡಿಸಿ, ರಕ್ಷಣೆ ಕೊಡುವುದು ಇವೇ ಎಂದು ಆ ತಂಡ ತೋರಿಸಿತು. ಜಗತ್ತಿನ ವಿಜ್ಞಾನ ಪತ್ರಿಕೆಗಳಲ್ಲಿ ಅದು ಪ್ರಕಟವಾಯಿತು. ಆದರೆ ಕ್ಯಾನ್ಸರ್ ಆಸ್ಪತ್ರೆಗಳ ದಿನನಿತ್ಯದ ಔಷಧಿಗಳಲ್ಲಿ ತುಳಸಿಯ ಆ ಅಂಶಗಳು ಇಂದಿಗೂ ಸೇರಿಲ್ಲ. ಇಲಿಯಿಂದ ಮನುಷ್ಯರವರೆಗಿನ ದಾರಿಗೆ ಬೇಕಾದದ್ದು ಬೇರೆ: ಔಷಧ ತಯಾರಿಕೆ, ಸುರಕ್ಷತೆಯ ಪರೀಕ್ಷೆ, ಹಣ, ಹಲವು ಆಸ್ಪತ್ರೆಗಳ ಸಹಕಾರ. ಗೆಡ್ಡೆಯನ್ನೂ ಅದು ಕಾಪಾಡಿಬಿಟ್ಟರೆ ಎಂಬ ದೊಡ್ಡ ಪ್ರಶ್ನೆಗೂ ಉತ್ತರ ಬೇಕು.

ದಾರಿಯ ಇನ್ನೊಂದು ತುದಿಯಿಂದ ಹೊರಟ ಕೆಲಸ ಮಂಗಳೂರಿನದು. ಡಾ. ಎಂ.ಎಸ್. ಬಾಳಿಗಾ ಅವರಿದ್ದ ತಂಡ ರೋಗಿಯ ದೂರಿನಿಂದಲೇ ಶುರು ಮಾಡಿತು. ತಲೆ-ಕುತ್ತಿಗೆ ಕ್ಯಾನ್ಸರಿಗೆ ಕಿರಣ ಪಡೆಯುತ್ತಿದ್ದ 80 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಅರಿಸಿನದ ನೀರಿನಿಂದ, ಇನ್ನೊಂದಕ್ಕೆ ಆಸ್ಪತ್ರೆಗಳಲ್ಲಿ ರೂಢಿಯಲ್ಲಿರುವ ಪೊವಿಡೋನ್ ಅಯೋಡಿನ್ ದ್ರಾವಣದಿಂದ ಬಾಯಿ ಮುಕ್ಕಳಿಸಲು ಹೇಳಲಾಯಿತು. ಅರಿಸಿನದ ಗುಂಪಿನಲ್ಲಿ ಹುಣ್ಣು ತಡವಾಗಿ ಕಾಣಿಸಿತು, ತೀವ್ರತೆಯೂ ಕಡಿಮೆ ಇತ್ತು. ಚಿಕಿತ್ಸೆ ಅರ್ಧಕ್ಕೆ ತುಂಡಾಗುವುದೂ ಕಡಿಮೆಯಾಯಿತು ಎಂದು 2014ರಲ್ಲಿ ಪ್ರಕಟವಾದ ಅವರ ವರದಿ ಹೇಳುತ್ತದೆ. ಅಡುಗೆಮನೆಯ ಡಬ್ಬಿಯಲ್ಲಿರುವ ವಸ್ತುವಿನ ಬಗ್ಗೆ ಹೀಗೆ ಪಟ್ಟು ಹಿಡಿದು ಅಳೆದು ನೋಡಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಅರಿಸಿನ ಕ್ಯಾನ್ಸರನ್ನು ವಾಸಿ ಮಾಡುತ್ತದೆ ಎಂದು ಆ ಅಧ್ಯಯನ ಹೇಳಿಲ್ಲ. ಅದು ಒಂದೇ ಕಡೆ ನಡೆದ, ಚಿಕ್ಕ ಸಂಖ್ಯೆಯ ಪರೀಕ್ಷೆ. ಕಿರಣ ಬೀಳುವ ಜಾಗಕ್ಕೆ ಡಾಕ್ಟರನ್ನು ಕೇಳದೆ ಏನನ್ನೂ ಹಚ್ಚಬಾರದು, ನಾಟಿ ಮದ್ದಿನ ನಂಬಿಕೆಯಲ್ಲಿ ಒಂದು ದಿನವನ್ನೂ ತಪ್ಪಿಸಬಾರದು.

ಏನನ್ನು ಕಲಿಸಬೇಕು?

ತರಬೇತಿ ಎಂದೊಡನೆ ಇನ್ನೊಂದು ಡಿಗ್ರಿ ಎಂದುಕೊಳ್ಳುವುದುಂಟು. ಡಿಗ್ರಿ ಬೇಕು, ನಿಜ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 425 ಕೋಟಿ ರೂಪಾಯಿ ಕೊಡುಗೆ ಘೋಷಿಸಿದ್ದು 2022ರ ಫೆಬ್ರುವರಿಯಲ್ಲಿ. 800 ಹಾಸಿಗೆಯ ಆಸ್ಪತ್ರೆ, ಅದರ ಜತೆ ಎಂಡಿ ಮತ್ತು ಪಿಎಚ್‌.ಡಿ ಒಟ್ಟಿಗೆ ಮಾಡುವ ಕೋರ್ಸು ಆ ಯೋಜನೆಯ ತಿರುಳು. ಬೊಮ್ಮಸಂದ್ರದ ಮಜುಂದಾರ್-ಶಾ ಕೇಂದ್ರದಲ್ಲಿ ಬಾಯಿ ಕ್ಯಾನ್ಸರಿನ ಶಸ್ತ್ರವೈದ್ಯರೂ ಕೋಶವಿಜ್ಞಾನಿಗಳೂ ಅಕ್ಕಪಕ್ಕದಲ್ಲೇ ಕೆಲಸ ಮಾಡುತ್ತಾರೆ. ನವಿ ಮುಂಬೈನ ಖಾರ್ಘರ್‌ನಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಆಕ್ಟ್ರೆಕ್ ಸಂಸ್ಥೆಯಲ್ಲಿ ಆಸ್ಪತ್ರೆ, ಪ್ರಯೋಗಾಲಯ ಒಂದೇ ಆವರಣದಲ್ಲಿವೆ. ನಮ್ಮ ದೇಶದ ವಿಜ್ಞಾನಿಗಳೇ ರೂಪಿಸಿದ ಭಾಭಾಟ್ರಾನ್ ಕೋಬಾಲ್ಟ್ ಯಂತ್ರ ಮೊದಲು ನೆಲೆಯಾದದ್ದೂ ಅಲ್ಲೇ, 2005ರಲ್ಲಿ.

ಆದರೆ ಡಿಗ್ರಿಗಿಂತ ಮೊದಲು ಕಲಿಯಬೇಕಾದದ್ದು ಪ್ರಶ್ನೆ ಕೇಳುವ ಬಗೆ. ‘ಬಾಯಿ ಹುಣ್ಣು ಬಹಳ’ ಎನ್ನುವುದು ದೂರು. ‘ಯಾವ ವಾರದಲ್ಲಿ, ಎಷ್ಟು ಪ್ರಮಾಣ ತಲುಪಿದಾಗ, ಯಾರಿಗೆ ಹೆಚ್ಚು, ಅದರಿಂದ ಎಷ್ಟು ದಿನ ತಪ್ಪಿತು’ ಎಂದು ಕೇಳಿದಾಗ ಅದು ಸಂಶೋಧನೆಯಾಗುತ್ತದೆ. ಆಮೇಲೆ ಎಷ್ಟು ರೋಗಿಗಳು ಬೇಕು ಎಂಬ ಸಂಖ್ಯಾಶಾಸ್ತ್ರ. ನೈತಿಕ ಸಮಿತಿಯ ಒಪ್ಪಿಗೆ. ರಾಷ್ಟ್ರೀಯ ಕ್ಲಿನಿಕಲ್ ಟ್ರಯಲ್ ನೋಂದಣಿ ವ್ಯವಸ್ಥೆ 2007ರಲ್ಲಿ ಶುರುವಾಯಿತು. ರೋಗಿಗಳನ್ನು ಸೇರಿಸಿಕೊಳ್ಳುವ ಮುನ್ನವೇ ಅಲ್ಲಿ ದಾಖಲಿಸಬೇಕು. ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳಿಗೆ ಸಂಶೋಧನೆಯ ಮೂಲಪಾಠಗಳ ಆನ್‌ಲೈನ್ ಕೋರ್ಸನ್ನೂ ಕಡ್ಡಾಯ ಮಾಡಲಾಗಿದೆ. ಅದು ಒಳ್ಳೆಯ ಆರಂಭ. ಆದರೆ ಪಾಠ ಕೇಳಿದಷ್ಟಕ್ಕೇ ಕೈ ಪಳಗುವುದಿಲ್ಲ. ಎಂಡಿ ಪ್ರಬಂಧಕ್ಕೆ ಒಬ್ಬ ವೈದ್ಯ, ಒಬ್ಬ ವಿಜ್ಞಾನಿ ಹೀಗೆ ಇಬ್ಬರು ಮಾರ್ಗದರ್ಶಕರಿದ್ದರೆ, ವಾರದಲ್ಲಿ ಒಂದು ದಿನ ವಾರ್ಡಿನಿಂದ ಬಿಡುವು ಸಿಕ್ಕರೆ, ಪಿಎಚ್‌.ಡಿ ವಿದ್ಯಾರ್ಥಿ ತಿಂಗಳಿಗೆ ಕೆಲವು ದಿನವಾದರೂ ಹೊರರೋಗಿ ವಿಭಾಗದಲ್ಲಿ ಕೂತರೆ, ದೊಡ್ಡ ಖರ್ಚಿಲ್ಲದೆಯೇ ಗೋಡೆ ತೆಳುವಾಗುತ್ತದೆ.

ಹಳೆಯ, ಅಗ್ಗದ ಔಷಧಗಳ ಮೇಲೂ ಇಂಥ ಪಳಗಿದ ತಂಡಗಳು ದೊಡ್ಡ ಕೆಲಸ ಮಾಡಬಲ್ಲವು. ಕಿರಣದ ಪರಿಣಾಮ ಹೆಚ್ಚಿಸಲು ಜತೆಗೆ ಕೊಡುವ ಸಿಸ್‌ಪ್ಲಾಟಿನ್ ಔಷಧವನ್ನು ಮೂತ್ರಪಿಂಡ ದುರ್ಬಲವಾದವರು, ಕಿವಿ ಮಂದವಾದವರು ತಾಳಲಾರರು. ಅಂಥವರಿಗೆ ಡೊಸಿಟ್ಯಾಕ್ಸೆಲ್ ಕೊಟ್ಟು ನೋಡಿದ ಟಾಟಾ ಸ್ಮಾರಕದ ಡಾ. ವಿಜಯ್ ಪಾಟೀಲ ಮತ್ತು ಡಾ. ಕುಮಾರ್ ಪ್ರಭಾಷ್ ತಂಡ, 2 ವರ್ಷ ಬದುಕುಳಿದವರ ಪ್ರಮಾಣ ಶೇ 41.7ರಿಂದ 50.8ಕ್ಕೆ ಏರಿದ್ದನ್ನು 2023ರಲ್ಲಿ ವರದಿ ಮಾಡಿತು.

ಗದಗ ಸೀಮೆಯ ಪ್ರಶ್ನೆಗಳು

ಇಂಥ ಜನ ಬೆಂಗಳೂರು, ಮುಂಬೈಗಳಲ್ಲಿ ತಯಾರಾದರೆ ಸಾಲದೇ? ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರಶ್ನೆ ಹುಟ್ಟುವುದು ರೋಗಿ ಇರುವ ಕಡೆ. ರಾಜ್ಯದ ವಯಸ್ಕರಲ್ಲಿ ಶೇ 22.8ರಷ್ಟು ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ, ಹೊಗೆಯಿಲ್ಲದ ತಂಬಾಕು ಹಾಕುವವರೇ ಶೇ 16.3 ಎಂದು 2016–17ರ ರಾಷ್ಟ್ರೀಯ ಸಮೀಕ್ಷೆ ಹೇಳಿತ್ತು. ರಾಜ್ಯದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಗಿದ್ದರೂ ಈ ಸ್ಥಿತಿ. ಎಲೆ-ಅಡಿಕೆ-ಸುಣ್ಣ-ತಂಬಾಕು ದವಡೆಯಲ್ಲಿಟ್ಟುಕೊಂಡೇ ಹೊಲದ ಕೆಲಸ ಮಾಡುವವರ ಬಾಯಿಯ ಒಳಚರ್ಮ ಕಿರಣಕ್ಕೆ ಹೇಗೆ ಸ್ಪಂದಿಸುತ್ತದೆ? ಜೋಳದ ರೊಟ್ಟಿ ನುಂಗಲಾಗದವರಿಗೆ ಯಾವ ಆಹಾರ ಕೊಟ್ಟರೆ ತೂಕ ಉಳಿಯುತ್ತದೆ? ರೋಣ, ನರಗುಂದ, ಗಜೇಂದ್ರಗಡದಿಂದ ಬಂದವರಲ್ಲಿ ಯಾರು, ಯಾವ ವಾರದಲ್ಲಿ, ಯಾವ ಕಾರಣಕ್ಕೆ ಚಿಕಿತ್ಸೆ ಬಿಡುತ್ತಾರೆ? ಇವನ್ನು ಹುಬ್ಬಳ್ಳಿಯಲ್ಲೋ ಗದಗದಲ್ಲೋ ಕೂತವರೇ ಚೆನ್ನಾಗಿ ಕೇಳಬಲ್ಲರು.

ಅದಕ್ಕೆ ಬೇಕಾದ ನೆಲೆ ಇಲ್ಲಿ ಇಲ್ಲದಿಲ್ಲ. ಹುಬ್ಬಳ್ಳಿಯಲ್ಲಿ ಹಿಂದೆ ಕಿಮ್ಸ್ ಎನಿಸಿಕೊಂಡಿದ್ದ ಕೆಎಂಸಿಆರ್‌ಐ, ಗದಗದಲ್ಲಿ ಜಿಮ್ಸ್, ಧಾರವಾಡದಲ್ಲಿ ಎಸ್‌ಡಿಎಂ, ಬೆಳಗಾವಿಯಲ್ಲಿ ಕೆಎಲ್‌ಇ ವೈದ್ಯಕೀಯ ಕಾಲೇಜುಗಳಿವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನ, ಭೌತವಿಜ್ಞಾನ ವಿಭಾಗಗಳಿವೆ. ಇವುಗಳ ನಡುವಿನ ಅಂತರ ಕೆಲವೇ ಗಂಟೆಗಳ ಪಯಣ.

ಬಸ್ ಪಯಣವನ್ನೇ ಕಡಿಮೆ ಮಾಡುವ ಸಂಶೋಧನೆಯೂ ನಡೆದಿದೆ. ಸ್ತನ ಕ್ಯಾನ್ಸರಿಗೆ 3 ವಾರದಲ್ಲಿ 15 ಸಲ ಕೊಡುತ್ತಿದ್ದುದನ್ನು ಒಂದೇ ವಾರದಲ್ಲಿ 5 ಸಲಕ್ಕೆ ಇಳಿಸಿದರೂ ಫಲ ಕಡಿಮೆಯಾಗಲಿಲ್ಲ ಎಂದು ಬ್ರಿಟನ್ನಿನ 4,000ಕ್ಕೂ ಹೆಚ್ಚು ರೋಗಿಗಳ ಅಧ್ಯಯನ 2020ರಲ್ಲಿ ತೋರಿಸಿತು. ತಲೆ-ಕುತ್ತಿಗೆ ಕ್ಯಾನ್ಸರಿಗೆ 33 ಸಲದ ಬದಲು 20 ಸಲ ಸಾಕೇ ಎಂದು ಅಣುಶಕ್ತಿ ಸಂಸ್ಥೆ ಹಲವು ದೇಶಗಳಲ್ಲಿ ಪರೀಕ್ಷಿಸಿದೆ. ಗಜೇಂದ್ರಗಡದ ಮನೆಯೊಂದಕ್ಕೆ 13 ದಿನದ ಕೂಲಿ, 13 ದಿನದ ಪಯಣ ಉಳಿಯುವ ಮಾತಿದು. ಆದರೆ ಸಲ ಕಡಿಮೆಯಾದಂತೆ ಒಂದೊಂದು ಸಲದ ಪ್ರಮಾಣ ಹೆಚ್ಚುತ್ತದೆ, ಗೆರೆ ತಪ್ಪಿದರೆ ಪೆಟ್ಟೂ ಹೆಚ್ಚು. ನಮ್ಮ ಯಂತ್ರ, ನಮ್ಮ ರೋಗಿಗಳ ಪೌಷ್ಟಿಕತೆ ಎರಡನ್ನೂ ಬಲ್ಲವರು ಇಲ್ಲಿಯೇ ಅಳೆದು ನೋಡದ ಹೊರತು ಅದನ್ನು ಹಾಗೆಯೇ ಎತ್ತಿಕೊಳ್ಳಲಾಗದು.

ಪ್ರಯೋಗಕ್ಕೆ ಒಪ್ಪಿಗೆ ಪಡೆಯುವುದೂ ತರಬೇತಿಯ ಭಾಗವೇ. ಗ್ರಾಂಥಿಕ ಕನ್ನಡದ ನಾಲ್ಕು ಪುಟಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಲ್ಲ. ‘ಯವ್ವಾ, ಎರಡು ಥರದ ಔಷಧ ಅದಾವ. ಯಾವುದು ಚೊಲೊ ಅಂತ ನಮಗೂ ಇನ್ನೂ ಗೊತ್ತಿಲ್ಲ. ನಿಮಗ ಯಾವುದು ಬರ್ತೈತಿ ಅನ್ನೋದನ್ನ ನಾವು ಆರಿಸೋದಿಲ್ಲ. ಬ್ಯಾಡ ಅಂದ್ರೂ ನಿಮ್ಮ ಚಿಕಿತ್ಸೆ ನಿಲ್ಲೂದಿಲ್ಲ’ ಎಂದು ಎದುರು ಕೂತು ಹೇಳಬಲ್ಲ ವೈದ್ಯರು ಬೇಕು. ಈ ಸೀಮೆಯಲ್ಲೇ ಹುಟ್ಟಿ ಬೆಳೆದವರಿಗೆ ಈ ಮಾತು ಸಲೀಸು.

ಓದುತ್ತಿರುವವರಿಗೆ

ರೋಣ, ನರಗುಂದ, ಗಜೇಂದ್ರಗಡದ ಕಾಲೇಜುಗಳಲ್ಲಿ ವಿಜ್ಞಾನ ಓದುವವರಿಗೆ ಈ ಕ್ಷೇತ್ರಕ್ಕೆ ವೈದ್ಯಕೀಯ ಸೀಟೊಂದೇ ಬಾಗಿಲಲ್ಲ. ಭೌತವಿಜ್ಞಾನದ ಬಿ.ಎಸ್ಸಿ ಮುಗಿಸಿ ಮೆಡಿಕಲ್ ಫಿಸಿಕ್ಸ್‌ನಲ್ಲಿ ಎಂ.ಎಸ್ಸಿ ಮಾಡಬಹುದು, ಆಮೇಲೆ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಇರುತ್ತದೆ. ಭೌತವಿಜ್ಞಾನದಲ್ಲೇ ಎಂ.ಎಸ್ಸಿ ಮಾಡಿದವರು ಮುಂಬೈನ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ಒಂದು ವರ್ಷದ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾಗೆ ಅರ್ಜಿ ಹಾಕಬಹುದು. ಜೀವವಿಜ್ಞಾನ ಓದಿದವರಿಗೆ ಮಣಿಪಾಲ, ಆಕ್ಟ್ರೆಕ್‌ಗಳಲ್ಲಿ ಪಿಎಚ್‌.ಡಿ ದಾರಿಯಿದೆ. ಯಂತ್ರ ನಡೆಸುವ ರೇಡಿಯೊಥೆರಪಿ ಟೆಕ್ನಾಲಜಿಸ್ಟ್ ಕೋರ್ಸುಗಳು ಪಿಯುಸಿ ವಿಜ್ಞಾನದ ನಂತರವೇ ಸಿಗುತ್ತವೆ. ವೈದ್ಯರಾದವರಿಗೆ ಸಂಶೋಧನೆಯ ಕಾಲಾವಕಾಶ, ಹಣ ಎರಡನ್ನೂ ಕೊಡುವ ಫೆಲೊಶಿಪ್‌ಗಳಿವೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ವೆಲ್‌ಕಮ್ ಟ್ರಸ್ಟ್ 2008ರಲ್ಲಿ ಸೇರಿ ಕಟ್ಟಿದ ಇಂಡಿಯಾ ಅಲಯನ್ಸ್ ಅವುಗಳಲ್ಲೊಂದು. ಪ್ರವೇಶದ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ಸಂಸ್ಥೆಯ ಆ ವರ್ಷದ ಅಧಿಸೂಚನೆಯನ್ನೇ ನೋಡಬೇಕು.